ಮೂವತ್ತೇಳನೇ ನಂಬರು

“ಮೂವತ್ತಾರು ಒಳಗೆ ಹೋಯ್ತು. ಮುಂದಿಂದು ನಿಂದೇ,” ಎಂದ ಮೌಖಿಕ ಪರೀಕ್ಷೆಯ ಕೋಣೆಯ ಬಾಗಿಲ ಬಳಿಯ ಜವಾನ.

ಏಣಿ ಕರವಸ್ತ್ರಕ್ಕೆ ಉಗುಳು ಹಚ್ಚಿ ಕಿವಿಯ ಹಿಂದಿನ ಬಣ್ಣ ಉಜ್ಜಿದಳು. ನಾಟಕದ ಬಣ್ಣ, ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ತಾಲೀಮಿನಿಂದ ನೇರ ಓಡಿ ಬಂದಿದ್ದಳು. ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಬೇಡ ಬೇಡವೆಂದರೂ ಕಣ್ಣು ಮತ್ತೆ ಮತ್ತೆ ಓದುತ್ತಿತ್ತು. ಹಾಜರಿ ಕಡಿಮೆಯಿದ್ದವರು ಇನ್ನೊಂದು ವರ್ಷ ಕೂರಬೇಕು. ಬೇರೆಯವರ ಬದಲು ಪರೀಕ್ಷೆಗೆ ಬಂದವರು ವಿಶ್ವವಿದ್ಯಾಲಯದಿಂದಲೇ ಹೊರಗೆ.

ಎರಡನೆಯದು ತನಗೆ ಸಂಬಂಧಪಟ್ಟದ್ದಲ್ಲ. ಮೊದಲನೆಯದನ್ನೇ ಅವಳು ಇನ್ನೊಮ್ಮೆ ಓದಿದಳು.

ಉದ್ದಕ್ಕೆ ಬೆಳೆದ ತಪ್ಪಿಗೆ ಹಾಸ್ಟೆಲ್ಲಿನವರು ಇಟ್ಟ ಹೆಸರು ಏಣಿ. ಆ ಉದ್ದ ನೋಡಿಯೇ ವಾಲಿಬಾಲ್ ತಂಡದವರು ಮೊದಲ ವಾರವೇ ಎಳೆದುಕೊಂಡು ಹೋಗಿದ್ದರು. ಸೀಟು ಸಿಕ್ಕಿದ್ದೇನೋ ನಾಟಕದ ಕೋಟಾದಲ್ಲಿ. ನಾಟಕ ಬಿಟ್ಟರೆ ಶುಲ್ಕ ವಿನಾಯಿತಿ ಹೋಗುತ್ತದೆ, ಅದು ಹೋದರೆ ಅಪ್ಪ ವಾಪಸ್ ಕರೆಸಿಕೊಳ್ಳುತ್ತಾರೆ. ಇದರ ಮೇಲೆ ಆರು ವಿಷಯಗಳ ಪಾಠ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ನಾಟಕದ ನಿರ್ದೇಶಕರಿಗೆ ಹೇಳಿದರೆ, “ಪ್ರದರ್ಶನ ಒಂದು ಮುಗೀಲಿ ತಾಯಿ.” ತಂಡದ ಕ್ಯಾಪ್ಟನ್‌ಗೆ ಹೇಳಿದರೆ, “ನೀನೂ ಕೈಕೊಟ್ರೆ ನಾವು ಯಾರ ಮುಖ ನೋಡೋದು?” ಮನೆಗೆ ಫೋನ್ ಮಾಡಿದರೆ ಅಮ್ಮ, “ಈ ವಯಸ್ಸಲ್ಲಿ ಅಲ್ದೆ ಇನ್ಯಾವಾಗ ಮಾಡ್ತೀಯ?” ಎಲ್ಲರೂ ಹೇಳುವುದು ಸರಿಯೇ. ಎಲ್ಲರಿಗೂ ಹೂಂ ಎಂದು ಬಂದು, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಕೊನೆಗೆ ಕೈ ಹಿಡಿದವಳು ಗುಬ್ಬಚ್ಚಿ. ಕೋಣೆಯ ಜೊತೆಗಾತಿ, ವಾಣಿಜ್ಯ ವಿಭಾಗದವಳು, ಮಧ್ಯಾಹ್ನದವರೆಗೆ ಕ್ಲಾಸಿಲ್ಲದ ಪುಣ್ಯವಂತೆ. ಏಣಿಯ ಭೂವಿಜ್ಞಾನ ಪಾಠ ಬೆಳಗಿನ ಮೊದಲ ಅವಧಿಗೆ, ತಾಲೀಮೂ ಅದೇ ಹೊತ್ತಿಗೆ. ಮೇಷ್ಟ್ರು ಆ ವರ್ಷ ಬಂದ ಹೊಸಬರು, ಹೆಸರಲ್ಲ, ನಂಬರು ಕೂಗುತ್ತಾರೆ ಎಂದು ಸುದ್ದಿ. “ಹಿಂದಿನ ಬೆಂಚಲ್ಲಿ ಕೂತು ‘ಪ್ರೆಸೆಂಟ್ ಸರ್’ ಅಂದ್ಬಿಟ್ಟು ಹಿಂಬಾಗಿಲಿಂದ ಎದ್ದು ಬಾರೇ, ನಿನ್ನ ಕಾಲಿಗೆ ಬೀಳ್ತೀನಿ,” ಎಂದು ಏಣಿ ಗೋಗರೆದಿದ್ದಳು. ಹಾಸ್ಟೆಲ್ಲಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮಾಡುವ ಉಪಕಾರವೇ. ನೂರು ತಲೆಗಳ ನಡುವೆ ಒಂದು ದನಿ ಯಾರದೆಂದು ಯಾರು ನೋಡುತ್ತಾರೆ?

ಗುಬ್ಬಚ್ಚಿ ಪಾಪ, ಮಾತು ಉಳಿಸಿಕೊಂಡಳು. ಬರಬರುತ್ತಾ ನೋಟ್ಸನ್ನೂ ತರತೊಡಗಿದಳು, ಅದೂ ಮೇಷ್ಟ್ರ ಜೋಕುಗಳ ಸಮೇತ. ಕೋಣೆಯ ಕಿಟಕಿಯ ಕಟ್ಟೆ ಮೇಲೆ ಒಂದೊಂದಾಗಿ ಕಲ್ಲುಗಳು ಬಂದು ಕೂತವು.

“ಏನೇ, ಕಲ್ಲಿನ ಹುಚ್ಚು ಹಿಡೀತಾ ನಿಂಗೆ?” ಎಂದು ಏಣಿ ನಕ್ಕಳು.

ಗುಬ್ಬಚ್ಚಿ ನಗಲಿಲ್ಲ. “ನಿನ್ಹತ್ರ ಒಂದು ವಿಷಯ ಹೇಳ್ಬೇಕು ಕಣೇ.”

“ಆಮೇಲೆ ಹೇಳೇ,” ಎಂದು ಏಣಿ ಬೂಟಿನ ದಾರ ಬಿಗಿದು ಮೈದಾನಕ್ಕೆ ಓಡಿದಳು. ಆ ‘ಆಮೇಲೆ’ ಬರಲೇ ಇಲ್ಲ.

ಇವತ್ತು ಬೆಳಗ್ಗೆ ಗುಬ್ಬಚ್ಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. “ಮೌಖಿಕ ಪರೀಕ್ಷೆಗೆ ನೀನು ಹೋಗ್ಬೇಡ. ನಾನೇ ಹೋಗ್ತೀನಿ.”

“ತಲೆ ನೆಟ್ಟಗಿದೆಯಾ ನಿಂಗೆ? ಸಿಕ್ಕಿಬಿದ್ರೆ ಇಬ್ಬರೂ ಮನೆಗೆ!”

“ಹಾಗಲ್ಲ ಕಣೇ, ಆ ಮೇಷ್ಟ್ರು...”

“ಹಾಜರಿ ಹೇಳಿದ್ದು ಸಾಕು. ಪರೀಕ್ಷೆನಾದ್ರೂ ನಾನೇ ಕೊಡ್ತೀನಿ. ಅಷ್ಟು ಮಾನ ಉಳಿದಿದೆ ನಂಗೆ.”

ಇವಳಿಗ್ಯಾಕೆ ಇಷ್ಟು ಉಸಾಬರಿ ಎಂದು ಸಿಟ್ಟೂ ಬಂದಿತ್ತು. ಹಗಲು ರಾತ್ರಿ ನಿದ್ದೆಗೆಟ್ಟು ಆ ನೋಟ್ಸನ್ನು ಅರೆದು ಕುಡಿದಿದ್ದು ಯಾರು? ಅಷ್ಟರಲ್ಲಿ ನಿರ್ದೇಶಕರ ಫೋನು ಬಂತು. ಗುಬ್ಬಚ್ಚಿಯನ್ನು ಪಕ್ಕಕ್ಕೆ ಸರಿಸಿ ಹೊರಟೇಬಿಟ್ಟಳು.

“ಮೂವತ್ತೇಳು!”

ಒಳಗೆ ಮೇಷ್ಟ್ರು ತಲೆಯೆತ್ತಿ ನೋಡಿದರು. ತುಸು ಹೆಚ್ಚೇ ಹೊತ್ತು ನೋಡಿದರು. ಏಣಿ ಗಡಿಬಿಡಿಯಲ್ಲಿ ಗುರುತಿನ ಚೀಟಿಗೆಂದು ಚೀಲಕ್ಕೆ ಕೈ ಹಾಕಿದಳು.

“ಬೇಡ. ನನ್ನ ಕ್ಲಾಸಿನವರ ಮುಖ ನಂಗೆ ಗೊತ್ತು,” ಎಂದು ಹಾಜರಿ ಹಾಳೆಯ ಮೇಲೆ ಬೆರಳಾಡಿಸಿದರು. “ಮೂವತ್ತೇಳು... ಒಂದು ದಿನವೂ ತಪ್ಪಿಸಿಲ್ಲ.”

“ಹೌದು ಸರ್.”

“ಕಿವಿ ಹತ್ರ ಬಣ್ಣ ಇದೆ. ನಾಟಕ ಮಾಡ್ತೀಯಾ?”

“ಹೂಂ ಸರ್.”

“ಕಾಣುತ್ತೆ.” ಎರಡು ಬಿಳಿ ಕಲ್ಲುಗಳನ್ನು ಮುಂದಕ್ಕೆ ತಳ್ಳಿದರು. “ಮೇಲ್ನೋಟಕ್ಕೆ ಎರಡೂ ಒಂದೇ. ಯಾವುದು ಯಾವುದು, ಹೇಳು.”

ಏಣಿ ಒಂದೊಂದರ ಮೇಲೂ ಆಮ್ಲದ ಹನಿ ಬಿಟ್ಟಳು. ಒಂದರಲ್ಲಿ ಬುಸಬುಸನೆ ನೊರೆಯೆದ್ದಿತು. “ಇದು ಅಮೃತಶಿಲೆ ಸರ್. ಅದು ಕ್ವಾರ್ಟ್ಜೈಟ್, ಚಾಕುವಿಗೂ ಜಗ್ಗಲ್ಲ.”

ಮತ್ತೆ ಕೇಳಿದರು, ಮತ್ತೆ ಹೇಳಿದಳು. ಗುಬ್ಬಚ್ಚಿಯ ನೋಟ್ಸಿನಲ್ಲಿ ಇಲ್ಲದ ಒಂದು ಪ್ರಶ್ನೆಯೂ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಏಣಿಯ ಎದೆ ಹಗುರವಾಯಿತು. ಪಾಠ, ನಾಟಕ, ಆಟ, ಅಂತೂ ಮೂರೂ ದಡ ಮುಟ್ಟಿದವು ಎನಿಸಿ ಕಣ್ಣು ತುಂಬಿತು.

“ಎಲ್ಲಾ ಸರಿ,” ಎಂದರು ಮೇಷ್ಟ್ರು. ಅಂಕ ಬರೆಯಲಿಲ್ಲ, ಪೆನ್ನಿಗೆ ಮುಚ್ಚಳ ಹಾಕಿದರು. “ಇಷ್ಟು ಓದಿಕೊಂಡಿರೋಳು ಹೀಗ್ಯಾಕೆ ಮಾಡ್ದೆ, ಅದೇ ನಂಗೆ ಅರ್ಥ ಆಗ್ತಿಲ್ಲ.”

“ಏನು ಸರ್?”

ಅವರು ಜವಾನನನ್ನು ಕರೆಯಲೆಂದು ಎದ್ದುಹೋಗಿ ಬಾಗಿಲು ತೆರೆದರು. ಹೊರಗೆ ಗುಬ್ಬಚ್ಚಿ ನಿಂತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಕಣ್ಣು ಅತ್ತು ಕೆಂಪಾಗಿತ್ತು. ಅವಳನ್ನು ಕಂಡದ್ದೇ ಮೇಷ್ಟ್ರ ಮುಖ ಅರಳಿತು.

“ಮೊದಲ ಬೆಂಚಿನವಳು ಹೊರಗ್ಯಾಕಮ್ಮ ನಿಂತೆ? ಬಾ ಮೂವತ್ತೇಳು,” ಎಂದರು, “ನಿನ್ನ ಬದಲು ಇಲ್ಲಿ ಯಾರೋ ಬಂದು ಕೂತಿದ್ದಾಳೆ.”