ಕಾರ್ಡು ಅವರ ಬಳಿ, ನಂಬರು ನನ್ನ ಬಳಿ

ಎರಡು ಸಲ ತಪ್ಪಾಯಿತು. ಇನ್ನೊಮ್ಮೆ ತಪ್ಪಿದರೆ ಮಿಷಿನ್ನು ಕಾರ್ಡನ್ನೇ ನುಂಗಿಬಿಡುತ್ತದೆ. ಪುಟ್ಟಮಾದು ಅದನ್ನು ಹೊರಗೆಳೆದು ಅಂಗಿಗೆ ಒರೆಸಿದ. ಒರೆಸಿದಷ್ಟೂ ಜಿಗುಟು.

ಕಾರ್ಡು ಅವನದಲ್ಲ. ಅದರ ಕವರಿನೊಳಗಿದ್ದ, 'ಮನೆ' ಎಂದು ಬರೆದು ಕೆಳಗೆ ಮೊಬೈಲ್ ನಂಬರು ಗೀಚಿದ್ದ ಚೀಟಿಯೂ ಅವನದಲ್ಲ. ಎರಡನ್ನೂ ಈಗಷ್ಟೇ ಒಬ್ಬನ ಜೇಬಿನಿಂದ ತೆಗೆದಿದ್ದ. ಜೇಬಿನ ಒಡೆಯ ತಡೆದಿರಲಿಲ್ಲ.

ಗುಂಡ್ಲುಪೇಟೆಯ ಆ ಎಟಿಎಂ ಮುಂದೆ ಅವನ ತರಕಾರಿ ಟೆಂಪೋ ಇಂಜಿನ್ ಆರಿಸದೆ ನಿಂತಿತ್ತು. ಬಾಗಿಲಾಚೆ ಸಾಲು ಬೆಳೆಯುತ್ತಿತ್ತು.

"ಏನಣ್ಣಾ, ಮಿಷಿನ್ನಿಗೆ ತಾಳಿ ಕಟ್ಟಕ್ಕೆ ಮೂರ್ತ ನೋಡ್ತಿದ್ದಿಯಾ?" ಯಾರೋ ಕೂಗಿದರು. ಉಳಿದವರು ನಕ್ಕರು.

ದುಡ್ಡು ತಂದರೆ ಮಾತ್ರ ಮುಂದಿನ ಮಾತು ಎಂದು ಹೇಳಿಯೇ ಅವನನ್ನು ಕಳಿಸಿದ್ದರು. ಕಳಿಸಿದವರು ಕಣ್ಣೀರಿಗೆ ಕರಗುವ ಜನವಲ್ಲ. ಕಣ್ಣೀರು ಅವರ ಕಸುಬಿನಲ್ಲಿ ದಿನಾ ನೋಡುವ ಸರಕು.

ಕಾರ್ಡಿನ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿಕೊಂಡು ಚೀಟಿಯ ನಂಬರಿಗೆ ಫೋನು ಹಚ್ಚಿದ.

ಚಂದಕವಾಡಿಯಲ್ಲಿ ಗುರುಮಲ್ಲಮ್ಮ ಎತ್ತಿಕೊಂಡಳು. ಮನೆಗಿದ್ದುದು ಅದೊಂದೇ ಮೊಬೈಲು. ಬಂಡೀಪುರದ ಕಡೆ ರಸ್ತೆ ಕೆಲಸಕ್ಕೆ ಹೋಗುವ ಗಂಡ ಅದನ್ನು ಒಯ್ಯುತ್ತಿರಲಿಲ್ಲ.

"ಅಕ್ಕಾ, ಶಿವಮಲ್ಲಣ್ಣಂಗೆ ಹಂಗಳದ ರೋಡಲ್ಲಿ ಲಾರಿ ಗುದ್ಬುಡ್ತು. ಅರ್ಜೆಂಟಾಗಿ ದುಡ್ಡು ಕಟ್ಬೇಕು. ಕಾರ್ಡು ನನ್ನತ್ರ ಅದೆ, ನಂಬ್ರು ಯೋಳಿ."

ಗುರುಮಲ್ಲಮ್ಮ ದಡಕ್ಕನೆ ಎದ್ದು ನಿಂತಳು. ಮರುಗಳಿಗೆಯೇ ನೆನಪಾಯಿತು: ಹೋದ ತಿಂಗಳು ಪಕ್ಕದ ಮನೆಗೆ ಬಂದದ್ದೂ ಇದೇ ಮಾತು. ನಿಮ್ಮ ಮಗ ಬೈಕಿನಿಂದ ಬಿದ್ದಿದ್ದಾನೆ, ಅವನ ಕಾರ್ಡಿನ ನಂಬರು ಹೇಳಿ. ಮಲ್ಲಾಜಮ್ಮ ಹೇಳಿಬಿಟ್ಟಿದ್ದಳು. ಬಸ್ಸಿನಲ್ಲಿ ಕಾರ್ಡು ಕದ್ದವನದೇ ಆ ಫೋನು. ಚೆಂಡುಹೂವು ಕಿತ್ತು ಕಿತ್ತು ಬೆರಳು ಹಳದಿಯಾದವಳು ಮಗನ ಖಾತೆಯಲ್ಲಿಟ್ಟಿದ್ದ ಗಂಟು ಅಷ್ಟರಲ್ಲಿ ಗುಡಿಸಿಹೋಗಿತ್ತು.

ಆಮೇಲೆ ಬ್ಯಾಂಕಿನ ಸಾಹೇಬರು ಶಾಲೆ ಬಯಲಿಗೆ ಬಂದು ಮೈಕು ಹಿಡಿದರು. 'ಅಳುತ್ತಾರೆ, ಆಣೆ ಇಡುತ್ತಾರೆ, ಸಾಯ್ತಿದ್ದಾರೆ ಅಂತಾರೆ. ನಂಬರು ಹೇಳಬೇಡಿ.' ಗುರುಮಲ್ಲಮ್ಮ ಆವತ್ತೇ ಗಂಡನ ಕಾರ್ಡು ಇಸಿದುಕೊಂಡು ಬ್ಯಾಂಕಿನ ಎಟಿಎಂಗೆ ಹೋಗಿ ಅದರ ಗುಟ್ಟಿನ ನಂಬರು ಬದಲಿಸಿ ಬಂದಳು. ಹೊಸದು ಗಂಡನಿಗೂ ತಿಳಿಯದು. ಕಾರ್ಡು ಅವನ ಬಳಿ, ನಂಬರು ಇವಳ ಬಳಿ. ಒಬ್ಬರನ್ನು ದೋಚಿದರೂ ಮಗಳು ಚೈತ್ರಳ ಕಾಲೇಜು ಫೀಸು ಉಳಿಯಬೇಕು.

"ಫೋನು ಅವರ ಕೈಗೆ ಕೊಡು. ಅವರ ಬಾಯಲ್ಲೇ ಯೋಳ್ಸು."

"ಗ್ಯಾನ ಇಲ್ಲ ಕಣಕ್ಕಾ. ಮಾತಾಡಾಕಿಲ್ಲ."

"ಓಹೋ! ಮಲ್ಲಾಜಮ್ಮನ ಮಗನ್ಗೂ ಗ್ಯಾನ ಇರ್ನಿಲ್ಲ ಕಣಪ್ಪ. ಸಾಯಂಕಾಲ ಬಂದು ಎಲ್ಡು ಮುದ್ದೆ ನುಂಗ್ದ!"

ಜಗಲಿಯ ಮೇಲಿದ್ದ ಮಲ್ಲಾಜಮ್ಮ ಫೋನು ಕಿತ್ತುಕೊಂಡಳು. "ಲೇ ಕಳ್ ನನ್ಮಗನೆ, ಓದ್ಸಲ ಬೈಕು, ಈ ಸಲ ಲಾರಿಯೇನ್ಲಾ? ಬಡ್ತಿ ಸಿಕ್ತಾ ನಿಂಗೆ?"

ಫೋನು ಕಟ್ಟಾಯಿತು. ಪುಟ್ಟಮಾದು ಮಾತು ಬದಲಿಸಿದ. ದನಿ ದಪ್ಪ ಮಾಡಿ, ಪೇಟೆಯವರ ಕನ್ನಡ ತಂದುಕೊಂಡು ಮತ್ತೆ ಒತ್ತಿದ.

"ಮೇಡಂ, ನಾವು ಬ್ಯಾಂಕಿಂದ ಮಾತಾಡ್ತಿರೋದು..."

"ಇಷ್ಟು ಬೇಗ ಮೇನೇಜರ್ ಆಗ್ಬುಟ್ಯಾ?" ಗುರುಮಲ್ಲಮ್ಮ ನಕ್ಕಳು. ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಜಗಲಿಯಲ್ಲಿ ಸೇರಿದ್ದರು.

ಅವನ ಪೇಟೆಯ ಕನ್ನಡ ಮುರಿದುಬಿತ್ತು. ಬಿಕ್ಕಿ ಬಿಕ್ಕಿ ಅತ್ತ.

"ನಿಮ್ ಕಾಲ್ ಕಟ್ಕತೀನಿ ಕಣವ್ವಾ. ಎಲ್ಡು ಸಲ ಒತ್ದೆ, ತಪ್ಪಾಯ್ತು. ಇನ್ನ ಒಂದೇ ಸಲ ಇರದು. ಟೇಮಿಲ್ಲ ಕಣವ್ವಾ!"

"ಎಲ್ಡು ಸಲ ಒತ್ಬುಟ್ಯಾ?" ಗುರುಮಲ್ಲಮ್ಮನ ದನಿ ಮೆತ್ತಗಾಯಿತು. ಮೂರು ಸಲ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಸಾಹೇಬರು ಹೇಳಿದ್ದರು. ಅವಳು ಮಲ್ಲಾಜಮ್ಮನತ್ತ ಕಣ್ಣು ಹೊಡೆದಳು. "ಅಳ್ಬೇಡ ಬುಡಪ್ಪ. ಯೋಳ್ತೀನಿ, ಒತ್ಕೊ."

ಮಗುವಿಗೆ ತುತ್ತು ಕೊಟ್ಟಂತೆ ಒಂದೊಂದಾಗಿ ನಾಲ್ಕು ಅಂಕಿ ಹೇಳಿದಳು. ನಾಲ್ಕೂ ಸುಳ್ಳು.

"ನಿಮ್ ಒಟ್ಟೆ ತಣ್ಣಗಿರ್ಲಿ ಕಣವ್ವಾ," ಎಂದ ಪುಟ್ಟಮಾದು.

ಒತ್ತಿದ. ಮಿಷಿನ್ನು ಗುರುಗುಟ್ಟಿತು. ಕಾರ್ಡು ಹೊರಗೆ ಬರಲಿಲ್ಲ. ಅವನು ಎರಡೂ ಮುಷ್ಟಿಯಲ್ಲಿ ಅದರ ಮೂತಿಗೆ ಗುದ್ದಿದ. ಸಾಲಿನಲ್ಲಿದ್ದವರು ನುಗ್ಗಿ ಬಂದು ರಟ್ಟೆ ಹಿಡಿದರು. "ಯಾರ್ದ್ಲಾ ಕಾರ್ಡು?" ಎಂದೊಬ್ಬ ಕೆನ್ನೆಗೆ ಬಾರಿಸಿದ. "ಬುಡ್ರಣ್ಣಾ, ಓಗ್ಬೇಕು, ಬುಡ್ರಣ್ಣಾ," ಎಂದು ಅವನು ಕೊಸರಾಡಿದ. ಯಾರೂ ಬಿಡಲಿಲ್ಲ.

ಚಂದಕವಾಡಿಯ ಜಗಲಿಯಲ್ಲಿ ಚಪ್ಪಾಳೆ ಬಿತ್ತು. "ಓದಿರೋರ್ಗೂ ಈ ಬುದ್ಧಿ ಬರಾಕಿಲ್ಲ ಕಣಮ್ಮಿ, ನಿಮ್ಮವ್ವ ಗಟ್ಟಿಗಿತ್ತಿ," ಎಂದು ಮಲ್ಲಾಜಮ್ಮ ಚೈತ್ರಳ ಬೆನ್ನು ತಟ್ಟಿದಳು. ತಟ್ಟಿದವಳ ಕಣ್ಣಲ್ಲಿ ನೀರಿತ್ತು. ಗುರುಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ಬರ್ಲಿ ಇರಿ, ಯೋಳಿ ನಗಿಸ್ತೀನಿ," ಎಂದಳು.

ಗುಂಡ್ಲುಪೇಟೆಯ ಹೆದ್ದಾರಿ ಬದಿಯ ನರ್ಸಿಂಗ್ ಹೋಮಿನಲ್ಲಿ, ಮುಂಗಡ ಕಟ್ಟದೆ ಡಾಕ್ಟರನ್ನು ಕರೆಯುವುದಿಲ್ಲವೆಂದಿದ್ದ ಕೌಂಟರಿನೆದುರು, ಸ್ಟ್ರೆಚರಿನ ಮೇಲೆ ಶಿವಮಲ್ಲುವಿನ ಉಸಿರು ನಿಂತಾಗ, ಕ್ಯಾಷಿಯರ್ ಇನ್ನೂ ಪುಟ್ಟಮಾದುವಿನ ದಾರಿ ಕಾಯುತ್ತಿದ್ದ.