ಮುಂಬಯಿ ಮುಗಿಯುವವರೆಗೆ

"ಗೇಟ್‌ವೇ ಬ್ಯಾಡ್ರಿ, ಅದನ್ನ ನೋಡೀವಿ," ಎಂದರು ಶಿವಪುತ್ರಪ್ಪನವರು, ಟ್ಯಾಕ್ಸಿ ವಡಾಳಾ ದಾಟುವ ಮೊದಲೇ. ವಿಜಾಪುರದಿಂದ ಹೆಣ್ಣು ನೋಡಲು ಬಂದಿದ್ದ ಅವರು ಡ್ರೈವರನ ಪಕ್ಕದ ಸೀಟನ್ನು ಪಿತ್ರಾರ್ಜಿತ ಆಸ್ತಿಯಂತೆ ಹಿಡಿದು ಕೂತಿದ್ದರು. ಹಿಂದಿನ ಸೀಟಿನ ಒಂದು ಕಿಟಕಿಗೆ ಅವರ ಅಣ್ಣನ ಮಗ ಶೇಖರ, ಅಂದರೆ ವರ. ಇನ್ನೊಂದು ಕಿಟಕಿಗೆ ಸೇವಂತಿ. ನಡುವೆ, ಕಾಲು ಚಾಚಲೂ ಜಾಗವಿಲ್ಲದೆ, ಸೇವಂತಿಯ ಅಪ್ಪ ನೀಲಕಂಠಪ್ಪ.

ಆಂಟಾಪ್ ಹಿಲ್‌ನ ಚಾಳಿನಲ್ಲಿ ಹೆಣ್ಣು ತೋರಿಸುವುದೆಂದರೆ ವರನೊಬ್ಬನಿಗೆ ತೋರಿಸಿದಂತಲ್ಲ, ಹದಿನೆಂಟು ಖೋಲಿಗೂ ತೋರಿಸಿದಂತೆ. ಹಿಂದಿನ ಎರಡು ಸಲವೂ "ಪತ್ರ ಬಂತೇನ್ರಿ?" ಎಂದು ನಳದ ಹತ್ತಿರ ಕೇಳಿದವರಿಗೆ ಉತ್ತರ ಕೊಟ್ಟು ಸಾಕಾಗಿ, ನೀಲಕಂಠಪ್ಪನ ಹೆಂಡತಿ ಚನ್ನವ್ವ ನೀರು ಹಿಡಿಯುವ ಹೊತ್ತನ್ನೇ ಬದಲಿಸಿಕೊಂಡಿದ್ದಳು. ಅದಕ್ಕೇ ಮರ್ಯಾದಸ್ಥರು ಇನ್ನೊಂದು ದಾರಿ ಹುಡುಕಿದ್ದರು: ಬಂದವರಿಗೆ ಅರ್ಧ ದಿನ ಊರು ತೋರಿಸುವುದು, ಹುಡುಗಿಯನ್ನೂ ಜೊತೆಗೆ ಕೂರಿಸಿಕೊಳ್ಳುವುದು. ಒಪ್ಪಿದರೆ ಸಂಬಂಧ, ಒಪ್ಪದಿದ್ದರೆ ಪ್ರವಾಸ. ಸೇವಂತಿಗೆ ಇಪ್ಪತ್ಮೂರು ತುಂಬಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಬೇರೆ. ಚನ್ನವ್ವನ ಪ್ರಕಾರ ಇದೇ ಕಡೆಯ ಒಳ್ಳೆಯ ವರ್ಷ. ನೀಲಕಂಠಪ್ಪ ಮಿಲ್ಲಿನ ಆಫೀಸಿಗೆ ಹಲ್ಲುನೋವೆಂದು ಬರೆದುಕೊಟ್ಟು ಬಂದಿದ್ದ.

"ರಾಣೀಬಾಗ್?" ಎಂದು ಕೇಳಿದ.

"ಹ್ವಾದ ಯುಗಾದಿಗೆ ಆತ್ರಿ."

"ಹ್ಯಾಂಗಿಂಗ್ ಗಾರ್ಡನ್?"

"ಆತು. ಅಲ್ಲೇ ಎದುರಿಗೆ ದೊಡ್ಡ ಬೂಟ್ ಐತೆಲ್ಲ, ಅದರಾಗೂ ಹತ್ತಿ ಇಳದೀವಿ."

"ಮಹಾಲಕ್ಷ್ಮಿ?"

"ಎರಡ ಸಲ."

ನೀಲಕಂಠಪ್ಪನಿಗೆ ಹೆಮ್ಮೆಯೇ ಆಯಿತು. ಹದಿನಾರು ವರ್ಷದಿಂದ ಇಲ್ಲೇ ಬೆವರು ಸುರಿಸಿದ ತಾನು ಇದರಲ್ಲಿ ಅರ್ಧವನ್ನೂ ಕಂಡಿರಲಿಲ್ಲ. "ಮುಂಬಯಿನಾಗ ನಿಮ್ಮ ಬೀಗರು ಭಾಳ ಮಂದಿ ಅದಾರೇನ್ರಿ?"

"ಬೀಗರು ಆಗೂ ಹಂಗ ಇರತಾರ್ರಿ," ಎಂದರು ಶಿವಪುತ್ರಪ್ಪನವರು ನಿಟ್ಟುಸಿರಿಟ್ಟು. "ಆಮ್ಯಾಲ ಆಗೂದಿಲ್ಲ. ಮೀನಿನ ಮನಿ ಒಂದು ಹೊಸದಾಗೈತಂತಲ್ಲ, ಅದು ಉಳದೈತಿ ನೋಡ್ರಿ."

ಮರೀನ್ ಡ್ರೈವಿನ ಮತ್ಸ್ಯಾಲಯಕ್ಕೆ ಹೋದರು. ವಿಜಾಪುರದವರದು ಪಕ್ಕದ ಮನೆಯಲ್ಲಿ ಮೀನು ಹುರಿದರೆ ಮೂರು ದಿನ ಊಟ ಬಿಡುವ ಮನೆತನ. ಆದರೂ ಶಿವಪುತ್ರಪ್ಪನವರು ಮೊದಲ ತೊಟ್ಟಿಗೇ ಹಣೆ ಒತ್ತಿ ನಿಂತುಬಿಟ್ಟರು. ಅವರು ಮುಂದಕ್ಕೆ ಸರಿದ ಮೇಲೆ ಗಾಜಿನ ಮೇಲೆ ವಿಭೂತಿಯ ಮೂರು ಗೆರೆ ಉಳಿದವು. ಒಳಗೊಂದು ಮೀನು ಸರಿಯಾಗಿ ಅದರ ಹಿಂದೆ ಬಂದು ನಿಂತು, ಪೂಜೆ ಮುಗಿಸಿಕೊಂಡು ಬಂದವರ ಹಾಗೆ ಬಾಯಿ ಆಡಿಸತೊಡಗಿತು.

ಆಮೆಯ ತೊಟ್ಟಿಯ ಮರೆಯಲ್ಲಿದ್ದ ನೀಲಕಂಠಪ್ಪನಿಗೆ ಶೇಖರನ ದನಿ ಕೇಳಿತು. ಮುಂಜಾನೆಯಿಂದ ಬಾಯಿ ಬಿಡದ ಹುಡುಗ.

"ನೀವು ಆರನೇದವರ್ರಿ."

"ಏನು?" ಎಂದಳು ಸೇವಂತಿ.

"ಆರನೇ ಹುಡುಗಿ. ನಾ ಎರಡನೇದವರಿಗೇ ಹೂಂ ಅಂದೀನ್ರಿ. ದಾದರದವರು. ಗೇಟ್‌ವೇ ತೋರಿಸಿದ್ರು."

"ಮತ್ತೆ?"

"ಕಾಕಾ ಅಂತಾರ, ಊರು ಇನ್ನೂ ಭಾಳ ಉಳದೈತಿ, ಈಗಲೇ ಹೂಂ ಅಂದ್ರ ಮುಂದ ಯಾರು ತೋರಸ್ತಾರ ಅಂತ."

"ಅವರಿಗೆ ಏನಂತ ಬರೆದೀರಿ?"

"ವಿಚಾರ ಮಾಡಾಕತ್ತೀವಿ ಅಂತ. ನಾಕ ತಿಂಗಳಾತು."

"ಆಕೀ ಹೆಸರಾದರೂ ನೆನಪದ ಏನು?"

"ಅಂಬವ್ವ," ಎಂದ ಶೇಖರ, ಆವತ್ತು ಮೊದಲ ಬಾರಿ ತಲೆ ಎತ್ತಿ.

ನೀಲಕಂಠಪ್ಪನ ಹಲ್ಲು ಈಗ ನಿಜವಾಗಿಯೂ ನೋಯತೊಡಗಿತು. ಕಾಕಾ, ವರ ಇಬ್ಬರನ್ನೂ ಅಲ್ಲೇ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿ ಬಂದುಬಿಡಬೇಕೆನ್ನಿಸಿತು. ಆದರೆ ಹೆಣ್ಣು ಹೆತ್ತವನ ಸಿಟ್ಟು ಎಷ್ಟು ದೂರ ನಡೆದೀತು? ಟ್ಯಾಕ್ಸಿ ಮುಟ್ಟುವಷ್ಟರಲ್ಲಿ ಅವನು, ಉಳಿದದ್ದೆಲ್ಲ ಇವತ್ತೇ ತೋರಿಸಿ ಮುಗಿಸಿದರೆ ಕಡೆಯವಳಾದ ತನ್ನ ಮಗಳಿಗೇ ಒಪ್ಪಿಗೆ ಸಿಕ್ಕೀತೇನೋ ಎಂದು ಯೋಚಿಸುತ್ತಿದ್ದ.

"ಭಾಯ್, ಸೀಧಾ ಬೋರಿಬಂದರ್, ಮ್ಯೂಜಿಯಂ ಸೇ ಘುಮಾ ಕೇ," ಎಂದಳು ಸೇವಂತಿ ಡ್ರೈವರನಿಗೆ. "ಕಹೀಂ ರೋಕ್ನಾ ನಹೀಂ." ಎಲ್ಲೂ ನಿಲ್ಲಿಸದಂತೆ ಹೇಳಿದ್ದಾದ ಮೇಲೆ ಎಕ್ಸ್‌ಚೇಂಜಿನಲ್ಲಿ ನಂಬರು ಓದುವ ದನಿಯಲ್ಲಿ ಶುರುಮಾಡಿದಳು: "ಕಾಕಾ, ಎಡಕ್ಕೆ ನೋಡ್ರಿ. ಹೈಕೋರ್ಟ್. ಆಯ್ತು. ಯುನಿವರ್ಸಿಟಿ ಗಡಿಯಾರ. ಆಯ್ತು. ಈಗ ಬರೋದು ಮ್ಯೂಜಿಯಂ."

"ನಿಲ್ಲಸವಾ, ನಿಲ್ಲಸು! ಒಳಗ ಹುಲಿ ಅದಾವಂತ!"

"ಸತ್ತ ಹುಲಿ ಕಾಕಾ, ಎಲ್ಲಿಗೂ ಓಡೂದಿಲ್ಲ. ಇದು ಫೌಂಟನ್. ಆಯ್ತು."

"ಎಲಿಫಂಟಾ?"

"ಅದು ನೀರಾಗ ಅದ. ಟ್ಯಾಕ್ಸಿ ಮುಳುಗ್ತದ."

ಬೋರಿಬಂದರ್ ಸ್ಟೇಷನ್ನಿನ ಮುಂದೆ ಗಾಡಿ ನಿಂತಿತು. ವಿಜಾಪುರದವರು ಸಂಜೆಯ ರೈಲಿಗೆ ಹೋಗುವವರಾದ್ದರಿಂದ ಅವರ ಹಾಸಿಗೆ ಸುತ್ತಿದ ಹೋಲ್ಡಾಲು ಡಿಕ್ಕಿಯಲ್ಲೇ ಇತ್ತು. "ಬಸ್, ಮುಂಬಯಿ ಖಲಾಸ್ ಕಾಕಾ," ಎಂದಳು ಸೇವಂತಿ. "ಏನೂ ಉಳಿದಿಲ್ಲ. ಇನ್ನ ಆ ದಾದರದ ಅಂಬವ್ವಗ ಪತ್ರ ಬರೀರಿ."

ಶೇಖರ ಹೋಲ್ಡಾಲು ಇಳಿಸುವ ನೆಪದಲ್ಲಿ ಗಾಡಿಯ ಹಿಂದೆ ಮರೆಯಾದ. ಶಿವಪುತ್ರಪ್ಪನವರು ಫುಟ್‌ಪಾತಿನ ಮೇಲೆ ನಿಂತು ಹುಡುಗಿಯನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದರು. ಹತ್ತು ನಿಮಿಷದಲ್ಲಿ ಇಷ್ಟು ಊರು ತೋರಿಸಿದವರು ಐದು ಮನೆಯಲ್ಲಿ ಒಬ್ಬರೂ ಇರಲಿಲ್ಲ.

"ನೀಲಕಂಠಪ್ಪನವರ, ಹುಡುಗಿ ಭಾಳ ಚುರುಕ ಅದಾಳ್ರಿ! ಪತ್ರ ಗಿತ್ರ ಯಾಕ? ಇಲ್ಲೇ ಹೇಳತೀನಿ, ನಮಗ ಒಪ್ಪಿಗಿ ಐತಿ."

ನೀಲಕಂಠಪ್ಪ ಅರ್ಧ ಗಾಡಿಯ ಒಳಗೆ, ಅರ್ಧ ಹೊರಗೆ. ಆ ಮಾತು ಕೇಳಿದ್ದೇ ತಡ, ಯಾರನ್ನೂ ಕೇಳದೆ ಅವನ ಕೈಗಳು ತಾವಾಗಿಯೇ ಜೋಡಿಯಾದವು.

"ನಂದಿನ್ನೂ ಮುಗಿದಿಲ್ಲರಿ ಕಾಕಾ," ಎಂದಳು ಸೇವಂತಿ ಕಿಟಕಿಯಿಂದ. "ನಾ ವಿಜಾಪುರ ನೋಡಿಲ್ಲ, ಬೆಳಗಾವಿ ನೋಡಿಲ್ಲ, ಧಾರವಾಡ ನೋಡಿಲ್ಲ. ಎಲ್ಲಾ ನೋಡಿ ಮುಗಿಸಿ ತಿಳಿಸ್ತೀನಿ."

ನೀಲಕಂಠಪ್ಪ ಮಗಳ ಮುಖ ನೋಡಿದ. ಜೋಡಿಸಿದ ಕೈಯನ್ನು ಇಳಿಸದೆ, ಶಿವಪುತ್ರಪ್ಪನವರ ಕಡೆ ತಿರುಗಿ, "ಹೋಗಿ ಬರ್ರಿ," ಎಂದ.