ಭಾನುವಾರದ ಆಟ

ಹಳೆಯ ಕಾಲದ ಹೋಮ್ ಕಂಪ್ಯೂಟರೊಂದನ್ನು ಅಂಗೈಯಗಲಕ್ಕೆ ಕುಗ್ಗಿಸಿ ಮತ್ತೆ ಮಾರಾಟಕ್ಕೆ ಬಿಟ್ಟಿದ್ದರು. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಆಡಿದ್ದ ಆಟಗಳೆಲ್ಲ ಅದರಲ್ಲಿವೆಯೆಂದು ಸದಾನಂದ ಒಂದನ್ನು ತರಿಸಿಕೊಂಡ. ಅಂದಿನಿಂದ ಪ್ರತಿ ಭಾನುವಾರ ಊಟವಾದ ಮೇಲೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಹೊರಗಿದ್ದ ಹೆಂಡತಿ ವಾರಿಜಾಗೆ ಅವನ ನಗು, ಮಾತು ಕೇಳಿಸುತ್ತಿತ್ತು.

“ಈ ಸಲಾನೂ ನೀನೇ ಗೆದ್ದೆ ಬಿಡು!”

ಮೂರನೆಯ ಭಾನುವಾರ ಅವಳು ತಡೆಯಲಾರದೆ ಬಾಗಿಲು ತಳ್ಳಿದಳು. ಒಳಗೆ ಅವನೊಬ್ಬನೇ ಇದ್ದ. ಫೋನು ಹಾಲ್‌ನಲ್ಲೇ ಚಾರ್ಜಿಗಿತ್ತು.

“ಯಾರ ಜೊತೆ ಮಾತಾಡ್ತಿದ್ರಿ?”

“ಯಾರೂ ಇಲ್ಲ ಕಣೇ.”

“ಸುಳ್ಳು ಹೇಳ್ಬೇಡಿ. ಹಾಗಾದ್ರೆ ಗೆದ್ದಿದ್ದು ಯಾರು?”

ಅವನ ಎರಡು ಕೈಯಲ್ಲೂ ಒಂದೊಂದು ಜಾಯ್‌ಸ್ಟಿಕ್ ಇತ್ತು.

“ಬಲಗೈ ನಾನು,” ಎಂದ. “ಅಣ್ಣ ತೀರ್ಕೊಂಡ್ಮೇಲೆ, ಎಡಗೈನೇ ಅಣ್ಣ.”